ಬಡವರ ಹಲಗೆ, ಉಳ್ಳವರ ಫೋಟೊ

'ಶಾರ್ಕುಟರಿ ಬೋರ್ಡ್' ಅಂದರೆ ಏನು ಎಂದು ನಮ್ಮ ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನಲ್ಲಿ ಕೇಳಿ ನೋಡಿ. ಸರ್ಕಾರ ಹೊಸದಾಗಿ ಮಾಡಿದ ನಿಗಮ ಮಂಡಳಿ ಇರಬೇಕು, ಅಧ್ಯಕ್ಷಗಿರಿ ಯಾರಿಗೆ ಕೊಟ್ಟರಂತೆ ಎಂದು ತಿರುಗಿ ಕೇಳುತ್ತಾರೆ. ವಿಷಯ ಅಷ್ಟು ದೊಡ್ಡದಲ್ಲ. ಒಂದು ಮರದ ಹಲಗೆ. ಅದರ ಮೇಲೆ ಎರಡು ಮೂರು ಬಗೆಯ ಚೀಸ್, ಉಪ್ಪು ಹಾಕಿ ಒಣಗಿಸಿದ ಅಥವಾ ಹೊಗೆ ಕೊಟ್ಟ ಮಾಂಸದ ತೆಳು ಹೋಳು, ಬ್ರೆಡ್ಡು, ಬಿಸ್ಕತ್ತು, ದ್ರಾಕ್ಷಿ, ಒಂದು ಹಿಡಿ ಬಾದಾಮಿ, ವಿನೆಗರಿನಲ್ಲಿ ನೆನೆಸಿದ ಈರುಳ್ಳಿ. ಯುರೋಪು, ಅಮೆರಿಕದಲ್ಲಿ ನೆಂಟರು ಬಂದಾಗ ನಡುವೆ ಇಟ್ಟು ಎಲ್ಲರೂ ಕೈಹಾಕಿ ತಿನ್ನುವ ತಿಂಡಿ.

ಇದರ ಬಗ್ಗೆ ಜಿಲ್ಲಾ ವರದಿಗಾರರಾದ ನಾವು ಯಾಕೆ ಬರೆಯಬೇಕು? ಎರಡು ಕಾರಣ ಇವೆ. ಮೊದಲನೆಯದು, ಪತ್ರಿಕೆಗಳ ಪುರವಣಿಗಳಲ್ಲಿ ಇದು ಈಗಾಗಲೇ ಬರುತ್ತಿದೆ. ಇಂಗ್ಲಿಷಿನಿಂದ ನೇರ ಎತ್ತಿಕೊಂಡ ಲೇಖನ, ಪುಟದ ಅರ್ಧ ಫೋಟೊ, ಹಲಗೆ ಕಾಣದಷ್ಟು ಸಾಮಾನು. ಎರಡನೆಯದು ಇನ್ನೂ ಹತ್ತಿರದ್ದು. ನಾವು ಸುದ್ದಿ ಕಳಿಸುವ ಹಳ್ಳಿಗಳಿಂದಲೇ ಮಕ್ಕಳು ಜರ್ಮನಿ, ಐರ್ಲೆಂಡ್, ಅಮೆರಿಕಕ್ಕೆ ಓದಲು ಹೋಗಿದ್ದಾರೆ. ಅಪ್ಪನ ಹೊಲದ ಪಹಣಿ ಬ್ಯಾಂಕಿನಲ್ಲಿದೆ, ಮಗ ಅಥವಾ ಮಗಳು ಅಲ್ಲಿ ವಾರದ ದಿನಸಿಯನ್ನು ಯೂರೋ ಯೂರೋ ಎಣಿಸಿ ತರುತ್ತಾರೆ. ಸಹಪಾಠಿಗಳು ಸೇರುವ ದಿನ ಒಬ್ಬೊಬ್ಬರು ಒಂದೊಂದು ತರಬೇಕು. 'ನೀನು ಚೀಸ್ ಬೋರ್ಡ್ ತಾ' ಎಂದರೆ ಎದೆ ಧಸಕ್ಕೆನ್ನುತ್ತದೆ. ಇಂಟರ್‌ನೆಟ್ಟಿನ ಫೋಟೊದಲ್ಲಿ ಇರುವಷ್ಟು ತಂದರೆ ಆ ವಾರದ ಊಟದ ದುಡ್ಡು ಹೋಯಿತು. ತರದಿದ್ದರೆ ಹಳ್ಳಿ ಗಮಾರ ಅಂದುಕೊಳ್ಳುತ್ತಾರೇನೋ ಎಂಬ ಅಂಜಿಕೆ.

ಈ ಅಂಜಿಕೆಗೆ ಬುಡವೇ ಇಲ್ಲ ಎಂಬುದು ನಮ್ಮ ವಾದ. ಹಲಗೆಯ ಮೇಲೆ ಇರುವುದೆಲ್ಲ ಹಳ್ಳಿಯವರ ತಿಂಡಿ. ಅದು ಹುಟ್ಟಿದ್ದೇ ದುಡ್ಡು ಉಳಿಸುವುದಕ್ಕೆ, ಆಹಾರ ಕೆಡದಂತೆ ಕಾಪಾಡುವುದಕ್ಕೆ. ಕಡಿಮೆ ಖರ್ಚಿನಲ್ಲಿ ಮಾಡಿದ ಹಲಗೆಯನ್ನು ದುಬಾರಿ ಹಲಗೆಯ ನಕಲು ಅನ್ನುವವರು ಚರಿತ್ರೆಯನ್ನು ತಲೆಕೆಳಗು ಮಾಡುತ್ತಿದ್ದಾರೆ.

ಹಂದಿ ಕೊಯ್ಯುವ ಚಳಿಗಾಲ

ಶಾರ್ಕುಟರಿ ಎಂಬ ಫ್ರೆಂಚ್ ಪದದೊಳಗೆ ಎರಡು ಪದ ಕೂಡಿಕೊಂಡಿವೆ: ಮಾಂಸ ಮತ್ತು ಬೇಯಿಸಿದ್ದು. 15ನೇ ಶತಮಾನದ ಪ್ಯಾರಿಸಿನಲ್ಲಿ ಬೇಯಿಸಿದ ಹಂದಿ ಮಾಂಸ ಮಾರುವವರದ್ದೇ ಒಂದು ಪ್ರತ್ಯೇಕ ಕಸುಬುದಾರರ ಸಂಘವಾಯಿತು. ಆದರೆ ಕಸುಬು ಪಟ್ಟಣಕ್ಕೆ ಬರುವ ಮೊದಲು ಹಳ್ಳಿಯಲ್ಲಿತ್ತು. ರೈತನ ಮನೆಯಲ್ಲಿ ಒಂದು ಹಂದಿ ಸಾಕುತ್ತಿದ್ದರು. ವರ್ಷವಿಡೀ ಮುಸುರೆ, ಉದುರಿದ ಕಾಯಿ ತಿಂದು ಬೆಳೆದ ಹಂದಿಯನ್ನು ಚಳಿ ಶುರುವಾದ ಮೇಲೆ ಕೊಯ್ಯುತ್ತಿದ್ದರು. ಫ್ರಿಜ್ ಇಲ್ಲದ ಕಾಲ. ಅಷ್ಟು ಮಾಂಸವನ್ನು ಒಂದು ಮನೆ ಒಂದೆರಡು ದಿನದಲ್ಲಿ ತಿಂದು ಮುಗಿಸುವುದಕ್ಕಾಗುವುದಿಲ್ಲ. ಹೀಗಾಗಿ ತೊಡೆಗೆ ಉಪ್ಪು ತಿಕ್ಕಿ ತೂಗುಹಾಕಿದರು, ಅದು ಹ್ಯಾಮ್ ಆಯಿತು. ಚೂರುಪಾರು ಮಾಂಸಕ್ಕೆ ಉಪ್ಪು, ಮೆಣಸು ಬೆರೆಸಿ ಅದರದೇ ಕರುಳಿಗೆ ತುಂಬಿ ಒಣಗಿಸಿದರು, ಅದು ಒಣ ಸಾಸೇಜು. ರಕ್ತವೂ ಸಾಸೇಜಿಗೆ ಹೋಯಿತು. ಭುಜದ ಮಾಂಸವನ್ನು ಕೊಬ್ಬಿನಲ್ಲೇ ನಿಧಾನಕ್ಕೆ ಬೇಯಿಸಿ ಎಳೆ ಎಳೆ ಮಾಡಿ ಜಾಡಿಗೆ ತುಂಬಿ ಮೇಲೆ ಕೊಬ್ಬಿನ ಮುಚ್ಚಳ ಹಾಕಿದರು, ಅದು ರಿಯೆಟ್. ಈರಲಿ ಅರೆದರೆ ಪಾಟೆ. ತಲೆಯನ್ನು ಬೇಯಿಸಿ ಅದರ ಅಂಟಿನಲ್ಲೇ ಗಟ್ಟಿಯಾಗಲು ಬಿಟ್ಟದ್ದಕ್ಕೆ ಅವರು 'ತಲೆ ಚೀಸ್' ಎಂದು ಹೆಸರಿಟ್ಟರು. ಅದರಲ್ಲಿ ಒಂದು ತೊಟ್ಟು ಹಾಲೂ ಇಲ್ಲ. ಹಂದಿಯಲ್ಲಿ ಬಿಸಾಡುವಂಥದ್ದು ಏನೂ ಇಲ್ಲ ಎಂಬುದು ಫ್ರಾನ್ಸಿನ ಹಳ್ಳಿಗರ ಗಾದೆ.

ಚೀಸಿನ ಕಥೆಯೂ ಅದೇ. ಹಸಿರು ಹುಲ್ಲಿನ ಕಾಲದಲ್ಲಿ ಹಾಲು ಹೆಚ್ಚು, ಹಿಮ ಬೀಳುವಾಗ ಇಲ್ಲ. ಹೆಚ್ಚಿದ್ದನ್ನು ಇಲ್ಲದ ಕಾಲಕ್ಕೆ ಒಯ್ಯುವ ದಾರಿ ಚೀಸು. ಕನ್ನಡದ ಎಷ್ಟೋ ನಿಘಂಟುಗಳು ಚೀಸಿಗೆ 'ಗಿಣ್ಣು' ಎಂದು ಬರೆಯುತ್ತವೆ. ನಮ್ಮ ಗಿಣ್ಣು ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲಿನದು, ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ತಾನಾಗಿ ಗಟ್ಟಿಯಾಗುತ್ತದೆ, ಅಂದೇ ತಿಂದು ಮುಗಿಸಬೇಕು. ಚೀಸು ಅದಕ್ಕೆ ತದ್ವಿರುದ್ಧ. ಹಾಲಿಗೆ ಹೆಪ್ಪು ಮತ್ತು ರೆನ್ನೆಟ್ ಎಂಬ ಕಿಣ್ವ ಹಾಕಿ ಒಡೆಸಿ, ನೀರು ಬಸಿದು, ಉಪ್ಪು ಹಾಕಿ, ಅಚ್ಚಿಗೊತ್ತಿ ತಿಂಗಳುಗಟ್ಟಲೆ ಇಡುತ್ತಾರೆ. ಗಿಣ್ಣು ಇವತ್ತಿನದು, ಚೀಸು ನಾಳೆಯದು.

ಕರಾವಳಿಯವರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲವೆಂದು ಬೇಸಗೆಯಲ್ಲೇ ಮೀನಿಗೆ ಉಪ್ಪು ಹಾಕಿ ಒಣಗಿಸಿಡುವವರು ಅವರು. ಗೋವಾಕ್ಕೆ ಪೋರ್ಚುಗೀಸರು ತಂದ ಹಂದಿ ಸಾಸೇಜು ಅಲ್ಲಿ ಕೆಂಪು ಮೆಣಸು ಮತ್ತು ವಿನೆಗರನ್ನು ಸೇರಿಸಿಕೊಂಡು ಚೊರೀಸ್ ಆಗಿ, ಮಣಿಮಾಲೆಯ ಹಾಗೆ ದಾರದಲ್ಲಿ ತೂಗುತ್ತದೆ. ಶಾರ್ಕುಟರಿ ಎಂಬ ಹೆಸರು ಹೊಸದು ಅನ್ನಿಸಬಹುದು, ಉಪ್ಪು, ಬಿಸಿಲು, ಹೊಗೆಯ ಲೆಕ್ಕ ನಮಗೆ ಹಳೆಯದೇ.

ಜಾಹೀರಾತು ಹೆತ್ತ ಸಂಪ್ರದಾಯ

ಹಳ್ಳಿಯ ಬುತ್ತಿ ಫೋಟೊ ಆಗುವ ಕಥೆ ಇಂಗ್ಲೆಂಡಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿಯ ಪಬ್ಬುಗಳಲ್ಲಿ 'ಪ್ಲೌಮನ್ಸ್ ಲಂಚ್' ಎಂಬ ತಟ್ಟೆ ಸಿಗುತ್ತದೆ. ಅಂದರೆ ನೇಗಿಲ ಹೂಡುವವನ ಊಟ. ಬ್ರೆಡ್ಡು, ಚೆಡ್ಡರ್ ಚೀಸ್, ವಿನೆಗರ್ ಈರುಳ್ಳಿ, ಜೊತೆಗೆ ಚಟ್ನಿ. ಹೌದು, ಇಲ್ಲಿಂದ ಹಡಗು ಹತ್ತಿ ಹೋದ ಅದೇ ಚಟ್ನಿ ಎಂಬ ಪದ. ಅಲ್ಲಿ ಅದು ಹಣ್ಣು, ಸಕ್ಕರೆ, ವಿನೆಗರ್ ಹಾಕಿ ಕುದಿಸಿ ಜಾಡಿಗೆ ತುಂಬಿದ ಸಿಹಿಹುಳಿ ಪದಾರ್ಥವಾಗಿ ಬದಲಾಗಿದೆ.

ಹೊಲದಲ್ಲಿ ಕೆಲಸ ಮಾಡುವವರು ಬ್ರೆಡ್ಡು ಚೀಸು ತಿನ್ನುತ್ತಿದ್ದದ್ದು ಸುಳ್ಳಲ್ಲ. ಆದರೆ ಆ ಹೆಸರು ದೇಶದ ತುಂಬ ಹಬ್ಬಿದ್ದು ಜಾಹೀರಾತಿನಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಚೀಸಿಗೆ ರೇಷನ್ ಇತ್ತು. ಹಾಲೆಲ್ಲ ಒಂದೇ ನಮೂನೆಯ ಸರ್ಕಾರಿ ಚೆಡ್ಡರ್ ಮಾಡಲು ಹೋಗುತ್ತಿತ್ತು, ಊರೂರಿನ ಚೀಸುಗಳು ಎಷ್ಟೋ ನಿಂತೇ ಹೋದವು. 1954ರಲ್ಲಿ ರೇಷನ್ ಮುಗಿಯಿತು. ಚೀಸ್ ತಿನ್ನುವ ರೂಢಿ ಮತ್ತೆ ಹತ್ತಿಸಬೇಕಿತ್ತು. ಚೀಸ್ ಉದ್ಯಮದ ಪ್ರಚಾರ ಸಂಸ್ಥೆ 1950ರ ದಶಕದಲ್ಲಿ ಪಬ್ಬುಗಳಲ್ಲಿ ಈ ತಟ್ಟೆಗೆ ಪ್ರಚಾರ ಕೊಟ್ಟಿತು. 1960ರ ದಶಕದಲ್ಲಿ ಹಾಲು ಮಾರಾಟ ಮಂಡಳಿ ಅದನ್ನು ದೇಶವ್ಯಾಪಿ ಮಾಡಿತು.

ಪತ್ರಿಕೋದ್ಯಮ ಓದಿದ ನಮಗೆ ಇನ್ನೊಂದು ವಿಷಯ ಗೊತ್ತಿರಲಿ. 1983ರಲ್ಲಿ ಬಂದ 'ದ ಪ್ಲೌಮನ್ಸ್ ಲಂಚ್' ಎಂಬ ಬ್ರಿಟಿಷ್ ಸಿನಿಮಾದ ನಾಯಕ ರೇಡಿಯೊ ಪತ್ರಕರ್ತ. ರಿಚರ್ಡ್ ಐರ್ ನಿರ್ದೇಶನ, ಇಯಾನ್ ಮೆಕ್‌ಇವಾನ್ ಚಿತ್ರಕಥೆ. ಜಾಹೀರಾತಿಗಾಗಿ ಕಟ್ಟಿದ 'ಪರಂಪರೆ'ಗೆ ಈ ತಟ್ಟೆಯೇ ಅಲ್ಲಿ ರೂಪಕ. ಪುರವಣಿಗೆ ಆಹಾರದ ಬಗ್ಗೆ ಬರೆಯುವ ಗೆಳೆಯರು ಇದನ್ನೊಮ್ಮೆ ನೋಡಿದರೆ ಒಳ್ಳೆಯದು. ನಾವು ಪ್ರೆಸ್‌ನೋಟ್ ಬಂದಾಗ 'ಇದನ್ನು ಕಳಿಸಿದ್ದು ಯಾರು, ಯಾಕೆ' ಎಂದು ಕೇಳಬೇಕೆಂದು ಕಲಿತವರು. ಹಲಗೆಯ ಫೋಟೊ ನೋಡಿದಾಗಲೂ ಅದೇ ಪ್ರಶ್ನೆ ಕೇಳಬೇಕು.

ಅಮೆರಿಕದ ಕಥೆ ಇನ್ನೂ ಕಹಿ. ಹಾಲಿನ ಬೆಲೆ ಕುಸಿಯದಂತೆ ಅಲ್ಲಿಯ ಸರ್ಕಾರ ಚೀಸು ಖರೀದಿ ಮಾಡಿ ದಾಸ್ತಾನು ಇಡುತ್ತಿತ್ತು. ದಾಸ್ತಾನು ಬೆಟ್ಟವಾಯಿತು. 1981ರ ಡಿಸೆಂಬರಿನಲ್ಲಿ ಅಧ್ಯಕ್ಷ ರೇಗನ್ 3 ಕೋಟಿ ಪೌಂಡ್, ಅಂದರೆ ಸುಮಾರು 1.36 ಕೋಟಿ ಕಿಲೊ ಚೀಸನ್ನು ಬಡವರಿಗೆ ಹಂಚಲು ಬಿಡುಗಡೆ ಮಾಡಿದರು. ಇಟ್ಟಿಗೆಯಂಥ ಎರಡು ಕಿಲೊ ಮೀರಿದ ಹಳದಿ ಗಡ್ಡೆಗಳು. 'ಸರ್ಕಾರಿ ಚೀಸ್' ಎಂಬುದು ಅಲ್ಲಿ ಬಡತನದ ಇನ್ನೊಂದು ಹೆಸರಾಯಿತು. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಲ್ಲುವ ಕಷ್ಟ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ದೇಶದಲ್ಲಿ ಇವತ್ತು ಚೀಸಿನ ಹಲಗೆ ಅಂತಸ್ತಿನ ಗುರುತು. ಹಾಲು ಒಂದೇ, ಹಸು ಒಂದೇ. ಸಾಲಿನಲ್ಲಿ ನಿಂತು ತೆಗೆದುಕೊಂಡರೆ ನಾಚಿಕೆ, ಹಲಗೆಯಲ್ಲಿಟ್ಟು ಫೋಟೊ ತೆಗೆದರೆ ಹೆಮ್ಮೆ.

ಆರು ಜನಕ್ಕೆ ಒಂದು ಹಲಗೆ

ಬರೀ ಟೀಕೆ ಮಾಡಿ ಎದ್ದು ಹೋಗುವುದು ನಮ್ಮ ಬ್ಲಾಗಿನ ಪದ್ಧತಿ ಅಲ್ಲ. ಹೊರದೇಶದಲ್ಲಿ ಓದುವ ತಮ್ಮ ತಂಗಿಯರು ಕೇಳಿದರೆ ನಾವು ಹೇಳುವ ಲೆಕ್ಕ ಇದು.

ಮೊದಲು ತೂಕ. ಊಟಕ್ಕೆ ಮುಂಚೆ ತಿನ್ನುವ ಹಲಗೆಗೆ ತಲೆಗೆ 50ರಿಂದ 60 ಗ್ರಾಂ ಚೀಸು, ಅಷ್ಟೇ ಮಾಂಸ ಸಾಕು. ಆರು ಜನರೆಂದರೆ ಎರಡೂ 300ರಿಂದ 350 ಗ್ರಾಂ. ಇದರ ಮೇಲೆ ಹೋದದ್ದೆಲ್ಲ ಕ್ಯಾಮೆರಾಕ್ಕೆ. ಅಂಗಡಿಗೆ ಹೋಗುವ ಮೊದಲು ಈ ಅಂಕಿ ಕೈಮೇಲೆ ಬರೆದುಕೊಂಡರೂ ತಪ್ಪಿಲ್ಲ.

ಎರಡನೆಯದು ಕಿಲೊ ದರ. ಅಂಗಡಿಯಲ್ಲಿ ದೊಡ್ಡ ಅಕ್ಷರದ ಬೆಲೆ ನೋಡಬೇಡಿ, ಅದರ ಕೆಳಗಿನ ಸಣ್ಣ ಅಕ್ಷರ ಓದಿ. ಕಿಲೊಗೆ ಎಷ್ಟು ಎಂದು ತೋರಿಸಲೇಬೇಕೆಂಬ ನಿಯಮ ಯುರೋಪಿನ ಒಕ್ಕೂಟದಲ್ಲಿ 1998ರ ನಿರ್ದೇಶನದಿಂದ ಇದೆ. ನಮ್ಮಲ್ಲೂ ಈಗ ಪೊಟ್ಟಣದ ಮೇಲೆ ಗ್ರಾಂ ಲೆಕ್ಕದ ದರ ಮುದ್ರಿಸುವ ನಿಯಮ ಬಂದಿದೆ. ಹೋಳು ಮಾಡಿದ, ತುರಿದ, ತಟ್ಟೆಯಲ್ಲಿ ಜೋಡಿಸಿ ಪ್ಲಾಸ್ಟಿಕ್ ಸುತ್ತಿದ ಮಾಲಿಗೆ ಸಾಮಾನ್ಯವಾಗಿ ಕಿಲೊ ದರ ಜಾಸ್ತಿ. ಗಡ್ಡೆಯಾಗಿ ಕೊಂಡು ಮನೆಯಲ್ಲಿ ಕೊಯ್ದುಕೊಳ್ಳಿ. ಚಾಕು ಹಿಡಿಯಲು ಬರುವವರು ಇನ್ನೊಬ್ಬರ ಯಂತ್ರಕ್ಕೆ ಯಾಕೆ ಕೂಲಿ ಕೊಡಬೇಕು?

ಮೂರನೆಯದು ಆಯ್ಕೆ. ಗಟ್ಟಿ ಚೀಸು ಒಂದು, ಮೆದು ಚೀಸು ಒಂದು. ಅಷ್ಟು ಸಾಕು. ಹಳಸಿದ, ಅಂದರೆ ತಿಂಗಳುಗಟ್ಟಲೆ ಮಾಗಿದ ಚೆಡ್ಡರ್ 200 ಗ್ರಾಂ, ಬ್ರೀ 150 ಗ್ರಾಂ. 'ಚೆಡ್ಡರ್', 'ಬ್ರೀ' ಎಂಬ ಬರಿ ಹೆಸರಿಗೆ ಕಾನೂನಿನ ಬೇಲಿ ಇಲ್ಲ, ಯಾರು ಎಲ್ಲಿ ಬೇಕಾದರೂ ಮಾಡಬಹುದು, ಹಾಗಾಗಿ ಅಗ್ಗದ್ದೂ ಸಿಗುತ್ತದೆ. 'ಬ್ರೀ ದ ಮೊ' ಎಂದರೆ ಊರಿನ ಹೆಸರು ಸೇರಿತು, ಬೇಲಿ ಬಂತು, ಬೆಲೆ ಏರಿತು. ಮೈಸೂರು ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕ ಹಾಗೆ. ಮಾಗಿದ ಚೀಸು ರುಚಿಯಲ್ಲಿ ಖಾರ, ಸ್ವಲ್ಪ ತಿಂದರೂ ಬಾಯಿ ತುಂಬುತ್ತದೆ. ಸಪ್ಪೆ ಚೀಸು ಎಷ್ಟು ತಿಂದರೂ ಇನ್ನಷ್ಟು ಬೇಕು ಅನ್ನಿಸುತ್ತದೆ.

ಪ್ಲಾಸ್ಟಿಕ್ ಹಾಳೆಗಳ ನಡುವೆ ಬರುವ ಸ್ಲೈಸು ಬೇರೆ ಜಾತಿ. ಚೀಸನ್ನು ಕರಗಿಸಿ, ಲವಣ ಬೆರೆಸಿ ಮತ್ತೆ ಅಚ್ಚು ಹಾಕುವ ಈ ಪ್ರೊಸೆಸ್ಡ್ ಚೀಸನ್ನು 1911ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಕಂಡುಹಿಡಿದರು. 1916ರಲ್ಲಿ ಅಮೆರಿಕದ ಜೇಮ್ಸ್ ಕ್ರಾಫ್ಟ್ ತನ್ನ ವಿಧಾನಕ್ಕೆ ಪೇಟೆಂಟ್ ಪಡೆದ. ದೂರ ಸಾಗಿಸಲು, ಬಹುಕಾಲ ಇಡಲು ಅನುಕೂಲ. ದೋಸೆ ಮೇಲೆ ಕರಗಿಸಿ ತಿನ್ನಲು ಅಡ್ಡಿಯಿಲ್ಲ. ಹಲಗೆಯಲ್ಲಿಟ್ಟು ಬಿಡಿಬಿಡಿಯಾಗಿ ರುಚಿ ನೋಡುವುದಕ್ಕೆ ಅದರಲ್ಲಿ ಏನೂ ಉಳಿದಿರುವುದಿಲ್ಲ.

ನಾಲ್ಕನೆಯದು ಮಾಂಸ. ಇಡೀ ಒಣ ಸಾಸೇಜು ಒಂದು ತನ್ನಿ, 150ರಿಂದ 200 ಗ್ರಾಂನದು. ಓರೆಯಾಗಿ ತೆಳ್ಳಗೆ ಕೊಯ್ದರೆ ಹಲಗೆ ತುಂಬುತ್ತದೆ. ಉಳಿದದ್ದಕ್ಕೆ ಮನೆಯಲ್ಲೇ ಪಾಟೆ ಮಾಡಿ. ಕೋಳಿ ಲಿವರ್ ಎಲ್ಲ ದೇಶದಲ್ಲೂ ಅಗ್ಗ. 400 ಗ್ರಾಂ ಲಿವರ್, ಒಂದು ಈರುಳ್ಳಿ, 100 ಗ್ರಾಂ ಬೆಣ್ಣೆ, ಕರಿಮೆಣಸು, ಉಪ್ಪು. ಈರುಳ್ಳಿ ಬಾಡಿಸಿ, ಲಿವರ್ ಒಳಗೆ ಕೆಂಪು ಉಳಿಯದಂತೆ ಬೇಯಿಸಿ, ಬೆಣ್ಣೆ ಸೇರಿಸಿ ನುಣ್ಣಗೆ ರುಬ್ಬಿ, ಬಟ್ಟಲಿಗೆ ಹಾಕಿ ಮೇಲೆ ಕರಗಿದ ಬೆಣ್ಣೆ ಹೊಯ್ಯಿರಿ. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಆರು ಜನಕ್ಕೆ ಹಂಚಿಯೂ ಮಾರನೆಯ ದಿನದ ಬ್ರೆಡ್ಡಿಗೆ ಮಿಗುತ್ತದೆ. ಹಬ್ಬದ ಮಾರನೇ ದಿನ ಲಿವರ್ ಫ್ರೈ ಮಾಡುವ ಮನೆಯಲ್ಲಿ ಬೆಳೆದವರಿಗೆ ಇದು ಕಷ್ಟದ ಕೆಲಸವೇ ಅಲ್ಲ.

ಐದನೆಯದು ಜೊತೆಗಾರರು. ಕೊಬ್ಬು, ಉಪ್ಪು ಹೆಚ್ಚಿರುವುದರಿಂದ ಪಕ್ಕದಲ್ಲಿ ಹುಳಿ ಬೇಕು, ಸಿಹಿ ಬೇಕು, ಕಟುಮ್ ಅನ್ನುವುದು ಒಂದು ಬೇಕು. ಈರುಳ್ಳಿ, ಕ್ಯಾರೆಟ್ಟನ್ನು ಸೀಳಿ ವಿನೆಗರ್, ಉಪ್ಪು, ಚೂರು ಸಕ್ಕರೆಯಲ್ಲಿ ಒಂದು ಗಂಟೆ ನೆನೆಸಿದರೆ ಹುಳಿ ಆಯಿತು. ಆ ಋತುವಿನಲ್ಲಿ ಅಲ್ಲಿ ಅಗ್ಗವಾಗಿರುವ ಹಣ್ಣು, ಸೇಬೋ ಪೇರೋ, ಸಿಹಿಗೆ. ನಿನ್ನೆಯ ಬ್ರೆಡ್ಡು ಕೊಯ್ದು ಎಣ್ಣೆ ಸವರಿ ಕಾವಲಿಯ ಮೇಲೆ ಸುಟ್ಟರೆ ದುಬಾರಿ ಬಿಸ್ಕತ್ತಿನ ಡಬ್ಬಿ ಬೇಡ. ಅಮ್ಮ ಕಳಿಸಿದ ಮಾವಿನಕಾಯಿ ಉಪ್ಪಿನಕಾಯಿ ಇದ್ದರೆ ಚೆಡ್ಡರ್ ಪಕ್ಕ ಒಂದು ಸಣ್ಣ ಬಟ್ಟಲಿನಲ್ಲಿ ಇಡಿ. ಚಟ್ನಿಯನ್ನು ಬರಮಾಡಿಕೊಂಡ ತಟ್ಟೆ ಉಪ್ಪಿನಕಾಯಿಗೆ ಬೇಡ ಅನ್ನುವುದಿಲ್ಲ.

ಇನ್ನು ಸಸ್ಯಾಹಾರಿಗಳ ವಿಷಯ. ಚೀಸೆಲ್ಲ ಹಾಲಿನದು, ಹಾಗಾಗಿ ಸಸ್ಯಾಹಾರ ಎಂದು ತಿಳಿದವರು ನಮ್ಮಲ್ಲಿ ತುಂಬ. ಹಾಲು ಒಡೆಸುವ ರೆನ್ನೆಟ್ ಸಾಂಪ್ರದಾಯಿಕವಾಗಿ ಕರುವಿನ ಹೊಟ್ಟೆಯಿಂದ ಬರುವಂಥದ್ದು. ಇಟಲಿಯ ಪಾರ್ಮಿಜಾನೊ ರೆಜ್ಜಾನೊಗೆ ಕರುವಿನ ರೆನ್ನೆಟ್ಟೇ ಆಗಬೇಕೆಂಬ ನಿಯಮ ಇದೆ. ಸೂಕ್ಷ್ಮಜೀವಿಯಿಂದ ತಯಾರಿಸಿದ ರೆನ್ನೆಟ್ ಬಳಸುವ ಚೀಸುಗಳೂ ಬೇಕಾದಷ್ಟಿವೆ. ಬ್ರಿಟನ್ನಿನಲ್ಲಿ ಸಸ್ಯಾಹಾರಿಗಳಿಗೆ ತಕ್ಕದ್ದು ಎಂದು ಪೊಟ್ಟಣದ ಮೇಲೆ ಬರೆದಿರುತ್ತಾರೆ, ನಮ್ಮಲ್ಲಿ ಹಸಿರು ಚುಕ್ಕಿ ಇರುತ್ತದೆ. ಹಂದಿ ತಿನ್ನದವರು, ಮಾಂಸವನ್ನೇ ತಿನ್ನದವರು ಕೂಡಿದ ಗುಂಪಾದರೆ ಮಾಂಸಕ್ಕೆ ಬೇರೆ ತಟ್ಟೆ, ಬೇರೆ ಚಾಕು ಇಡಿ. ಒಂದೇ ಹಲಗೆ ಚಂದ ಕಾಣಬಹುದು, ಪಕ್ಕದವರ ಮನಸ್ಸು ಅದಕ್ಕಿಂತ ಮುಖ್ಯ.

ಚೀಸನ್ನು ತಿನ್ನುವ ಅರ್ಧ ಗಂಟೆ ಮೊದಲು ಫ್ರಿಜ್ಜಿನಿಂದ ತೆಗೆಯಿರಿ, ಥಂಡಿಯಲ್ಲಿ ರುಚಿ ಗೊತ್ತಾಗುವುದಿಲ್ಲ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿ. ಗುಂಪಿನಲ್ಲಿ ಗರ್ಭಿಣಿಯರಿದ್ದರೆ ಬ್ರೀಯಂಥ ಮೆದು ಚೀಸು ಮತ್ತು ಪಾಟೆ ಅವರಿಗೆ ಬೇಡ. ಸಂಸ್ಕರಿಸಿದ ಮಾಂಸವನ್ನು ದಿನಾ ತಿನ್ನುವುದು ಯಾರಿಗೂ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ದಿನಕ್ಕೆ 50 ಗ್ರಾಂನಂತೆ ತಿನ್ನುತ್ತಾ ಹೋದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ 18ರಷ್ಟು ಹೆಚ್ಚುತ್ತದೆ ಎಂಬುದು ಅದರ ಅಂದಾಜು. ಜೇಬು ಹೇಳುವ ಮಾತನ್ನೇ ಡಾಕ್ಟರೂ ಹೇಳುತ್ತಿದ್ದಾರೆ: ಸ್ವಲ್ಪ, ಅಪರೂಪಕ್ಕೆ.

ಅಗ್ಗ ಎಂದರೆ ಯಾರಿಗೆ ನಷ್ಟ?

ಇಲ್ಲಿ ಒಬ್ಬ ಓದುಗ ಎದ್ದು ನಿಂತು ಕೇಳಬಹುದು: 'ಸ್ವಾಮಿ, ದಿನಾ ರೈತರ ಪರ ಬರೆಯುತ್ತೀರಿ. ಇವತ್ತು ಚೀಸು ಅಗ್ಗಕ್ಕೆ ಕೊಳ್ಳುವುದು ಹೇಗೆಂದು ಪಾಠ ಮಾಡುತ್ತಿದ್ದೀರಿ. ಅಗ್ಗವಾದರೆ ಹಾಲು ಕರೆಯುವವನ ಗತಿ?' ನ್ಯಾಯವಾದ ಪ್ರಶ್ನೆ. ಹಾರಿಸಿ ಹೋಗುವಂತಿಲ್ಲ.

2015ರ ಮಾರ್ಚಿ 31ಕ್ಕೆ ಯುರೋಪಿನಲ್ಲಿ ಹಾಲಿನ ಉತ್ಪಾದನೆಗೆ ಇದ್ದ ಕೋಟಾ ಪದ್ಧತಿ ಮುಗಿಯಿತು. ಆ ವರ್ಷ ಹಾಲಿನ ಬೆಲೆ ನೆಲಕಚ್ಚಿತ್ತು. ಆಗಸ್ಟಿನಲ್ಲಿ ಬ್ರಿಟನ್ನಿನ ರೈತರು ಸೂಪರ್ ಮಾರ್ಕೆಟ್ಟುಗಳಿಗೆ ನುಗ್ಗಿ ಕಪಾಟಿನ ಹಾಲನ್ನೆಲ್ಲ ಗಾಡಿಗೆ ತುಂಬಿಕೊಂಡು ಪ್ರತಿಭಟಿಸಿದರು. ಸ್ಟಾಫರ್ಡ್ ಊರಿನಲ್ಲಿ ಎರಡು ಹಸುಗಳನ್ನೇ ಅಂಗಡಿಯೊಳಗೆ ಹೊಡೆದುಕೊಂಡು ಹೋದರು. ರಸ್ತೆಗೆ ಟೊಮೆಟೊ ಸುರಿಯುವ ನಮ್ಮ ರೈತರಿಗೂ ಅವರಿಗೂ ಮಾತು ಬೇರೆ, ಸಿಟ್ಟು ಒಂದೇ. ಅಗ್ಗದ ಹಾಲಿನ ಬೆಲೆಯನ್ನು ಯಾರೋ ಒಬ್ಬರು ತೆರುತ್ತಲೇ ಇರುತ್ತಾರೆ.

ಇದಕ್ಕೆ ಎದುರಾಗಿ ಕೊಂಟೆ ಚೀಸಿನ ಉದಾಹರಣೆ ಇದೆ. ಫ್ರಾನ್ಸಿನ ಪೂರ್ವಕ್ಕೆ, ಸ್ವಿಟ್ಜರ್‌ಲೆಂಡ್ ಗಡಿಯ ಜುರಾ ಬೆಟ್ಟಸಾಲಿನದು. ಒಂದು ಚಕ್ರ ಸುಮಾರು 40 ಕಿಲೊ ತೂಗುತ್ತದೆ, ಅದಕ್ಕೆ 400 ಲೀಟರ್‌ನಷ್ಟು ಹಾಲು ಬೇಕು. ಒಂದೆರಡು ಹಸು ಇದ್ದವನಿಂದ ಆಗುವ ಕೆಲಸ ಅಲ್ಲ. ಹೀಗಾಗಿ 13ನೇ ಶತಮಾನದಿಂದಲೇ ಅಲ್ಲಿಯ ಹಳ್ಳಿಗರು ಹಾಲು ಒಟ್ಟುಗೂಡಿಸಿ ಒಂದೇ ಕಡೆ ಚೀಸು ಮಾಡುತ್ತಿದ್ದರು. ಆ ಊರ ಡೇರಿಗೆ 'ಫ್ರುಯಿಟಿಯೆರ್' ಎನ್ನುತ್ತಾರೆ. ಇಂದಿಗೂ ಅಂಥವು ನೂರಕ್ಕೂ ಹೆಚ್ಚಿವೆ, ಬಹುಪಾಲು ರೈತರ ಸಹಕಾರ ಸಂಘಗಳೇ. 1958ರಲ್ಲಿ ಕೊಂಟೆ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಹಸುವಿನ ತಳಿ ಯಾವುದು, ಏನು ಮೇಯಿಸಬೇಕು, ಎಷ್ಟು ದೂರದೊಳಗಿನ ಹಾಲು ತರಬೇಕು, ಕನಿಷ್ಠ ನಾಲ್ಕು ತಿಂಗಳು ಮಾಗಿಸಬೇಕು, ಎಲ್ಲವೂ ನಿಯಮದಲ್ಲಿದೆ. ಹುದುಗಿಸಿದ ಮೇವು, ಅಂದರೆ ಸೈಲೇಜು, ಹಾಕುವಂತಿಲ್ಲ. ಇದರ ಫಲವಾಗಿ ಅಲ್ಲಿಯ ರೈತನಿಗೆ ಫ್ರಾನ್ಸಿನ ಸಾಮಾನ್ಯ ಹಾಲಿನ ದರಕ್ಕಿಂತ ಹೆಚ್ಚು ಸಿಗುತ್ತದೆ.

ಇದನ್ನು ಓದಿದಾಗ ನಮ್ಮ ಊರಿನ ಹಾಲಿನ ಡೇರಿ ಕಣ್ಣಮುಂದೆ ಬಾರದಿರುವುದಿಲ್ಲ. ಕರ್ನಾಟಕದಲ್ಲೂ 1974ರಿಂದ ಸಹಕಾರ ತತ್ವದ ಮೇಲೆ ಹಾಲಿನ ಸಂಘಗಳು ಬೆಳೆದಿವೆ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಸಾಲು ನಿಂತ ಹೆಂಗಸರು, ಜಿಡ್ಡು ಮತ್ತು ಎಸ್‌ಎನ್‌ಎಫ್ ಲೆಕ್ಕದ ಚೀಟಿ, ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನದ ಲೆಕ್ಕ, ಇವೆಲ್ಲ ನಮ್ಮ ವರದಿಗಳ ಖಾಯಂ ಸಾಮಗ್ರಿ. ವ್ಯತ್ಯಾಸ ಒಂದೇ ಕಡೆ. ಜುರಾದ ಹಳ್ಳಿಯಿಂದ ಹಾಲು ಚೀಸಾಗಿ ಹೊರಡುತ್ತದೆ. ನಮ್ಮ ಹಳ್ಳಿಯಿಂದ ಹಾಲು ಹಾಲಾಗಿಯೇ ಟ್ಯಾಂಕರ್ ಹತ್ತುತ್ತದೆ, ಅದು ಬೆಣ್ಣೆಯೋ ಪೇಡೆಯೋ ಚೀಸೋ ಆಗುವುದು ದೂರದ ಊರಿನಲ್ಲಿ. ಲಾಭ ಕೊನೆಗೆ ಸಂಘಕ್ಕೇ ಬಂದರೂ ಕೆಲಸ ಮತ್ತು ಕೈಚಳಕ ಹಳ್ಳಿಯಲ್ಲಿ ಉಳಿಯುವುದಿಲ್ಲ. ಇದು ನಮ್ಮ ಸೆಕೆಗೆ ಹೊಂದುತ್ತದೆಯೇ, ನಮ್ಮ ಜನ ಚೀಸು ತಿನ್ನುತ್ತಾರೆಯೇ ಎಂಬುದು ಬೇರೆ ಚರ್ಚೆ. ತುಪ್ಪ, ಕೋವಾ, ಕುಂದಾದ ವಿಷಯದಲ್ಲಾದರೂ ಈ ಪ್ರಶ್ನೆಯನ್ನು ನಾವು ಡೇರಿ ಸಂಘದ ವಾರ್ಷಿಕ ಸಭೆಯಲ್ಲಿ ಕೇಳಬೇಕು.

ಈಗ ಓದುಗನ ಪ್ರಶ್ನೆಗೆ ಉತ್ತರ. ಖರ್ಚು ಇಳಿಸುವುದು ಎಂದರೆ ಹಾಲಿನವನ ಪಾಲನ್ನು ಇಳಿಸುವುದೇ ಆಗಬೇಕಾಗಿಲ್ಲ. ಹಲಗೆಯ ಬಿಲ್ಲಿನಲ್ಲಿ ಹಾಲು, ಮಾಂಸಕ್ಕಲ್ಲದೆ ಹೋಗುವ ದುಡ್ಡು ಎಷ್ಟೋ ಇದೆ: ಕೊಯ್ದ ಕೂಲಿ, ಪ್ಲಾಸ್ಟಿಕ್ ತಟ್ಟೆ, ಋತುವಲ್ಲದ ಹಣ್ಣು, ಡಬ್ಬಿ ಬಿಸ್ಕತ್ತು, ಯಾರೂ ಮುಟ್ಟದೆ ಕಸಕ್ಕೆ ಹೋಗುವ ಮೂರನೇ ನಾಲ್ಕನೇ ಚೀಸು. ಅದನ್ನೆಲ್ಲ ಕತ್ತರಿಸಿ. ಉಳಿದ ದುಡ್ಡಿನಲ್ಲಿ, ಆದರೆ, ಐದು ಬೇನಾಮಿ ಚೀಸಿನ ಬದಲು ಹೆಸರು ವಿಳಾಸ ಇರುವ ಒಂದನ್ನು 150 ಗ್ರಾಂ ಕೊಳ್ಳಿ. ಕೈಯಲ್ಲಿ ಅಷ್ಟೂ ಇಲ್ಲದಿದ್ದರೆ ಅಗ್ಗದ ಚೆಡ್ಡರೇ ಇರಲಿ. ಸಾಲ ಮಾಡಿ ಓದುತ್ತಿರುವ ಹುಡುಗಿಯ ಹೆಗಲ ಮೇಲೆ ಯುರೋಪಿನ ಹಾಲಿನ ದರದ ಭಾರ ಹೊರಿಸುವಷ್ಟು ಕಟುಕರಲ್ಲ ನಾವು. ದರ ನಿಗದಿ ಮಾಡುವವರು ಬೇರೆ ಇದ್ದಾರೆ, ಪ್ರಶ್ನೆ ಹೋಗಬೇಕಾದದ್ದು ಅವರಿಗೆ.

ಕೊನೆಗೆ ನಮ್ಮದೇ ಬಳಗಕ್ಕೆ ಒಂದು ಮಾತು. ನಾವು ಸೆಂಟಿಮೀಟರ್ ಲೆಕ್ಕದಲ್ಲಿ ಸಂಭಾವನೆ ಪಡೆಯುವವರು, ಒಂದೊಂದು ಸಾಲಿನ ಬೆಲೆ ಚೆನ್ನಾಗಿ ಗೊತ್ತು. ಮುಂದಿನ ಸಲ ಯಾರಾದರೂ ಪುರವಣಿಗೆ ಇಂಥ ಆಹಾರದ ಲೇಖನ ಬರೆದರೆ, ಅಥವಾ ಭಾಷಾಂತರಿಸಿದರೆ, ದಯವಿಟ್ಟು ಎರಡು ಸಾಲು ಸೇರಿಸಿ. ಒಂದು ಕಿಲೊ ಗಟ್ಟಿ ಚೀಸಿಗೆ ಸುಮಾರು 10 ಲೀಟರ್ ಹಾಲು ಬೇಕು ಎಂಬುದು ಒಂದು ಸಾಲು. ಆ ಹಾಲಿಗೆ ಈ ವಾರ ರೈತನಿಗೆ ಸಿಕ್ಕಿದ್ದು ಎಷ್ಟು ಎಂಬುದು ಇನ್ನೊಂದು. ಮೊದಲನೆಯದು ಎಲ್ಲರಿಗೂ ಸಿಗುತ್ತದೆ. ಎರಡನೆಯದಕ್ಕೆ ಬೆಳಿಗ್ಗೆ ಆರಕ್ಕೆ ಎದ್ದು ಡೇರಿ ಹತ್ತಿರ ಹೋಗಿ ಚೀಟಿ ನೋಡಬೇಕು. ಅಷ್ಟು ಹೊತ್ತಿಗೆ ಅಲ್ಲಿ ಹೋಗಿ ನಿಲ್ಲಬಲ್ಲ ಪತ್ರಕರ್ತರು ಪ್ರಧಾನ ಕಚೇರಿಯಲ್ಲಿ ಇಲ್ಲ. ಊರಿನಲ್ಲಿರುವವರು ನಾವೇ.